ಮೊಳೆ ಬೆರೆತ ಡಾಂಬರು

ನಮ್ಮ ಮ್ಯಾನೇಜರ್ ಸಾಹೇಬರ ನೆನಪಾದರೆ ಇಂದಿಗೂ ನನಗೆ ವಾಕರಿಕೆ ಬರುತ್ತದೆ. ನೈರೋಬಿಯ ಡಾಂಬರು ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ನೋಡುವವಳು. ಅವರು ನನ್ನ ಮೇಲಧಿಕಾರಿ, ಮೈಸೂರು ಕಡೆಯ ಇಂಜಿನಿಯರ್. ಹಳೆಯ ಮನೆಗಳ ಛಾವಣಿಯಿಂದ ಕಿತ್ತ ಡಾಂಬರಿನ ಹಾಳೆಗಳನ್ನು, ಶಿಂಗಲ್ಸ್ ಅನ್ನುತ್ತಾರೆ, ಪುಡಿಮಾಡಿ ರಸ್ತೆಯ ಡಾಂಬರಿಗೆ ಬೆರೆಸುವುದು ನಾವು ಹೊಸದಾಗಿ ಹಿಡಿದ ಕೆಲಸ. ಒಳ್ಳೆಯ ಕೆಲಸವೇ. ಹಾಳೆಗೆ ಹೊಡೆದ ಮೊಳೆಗಳೂ ಪುಡಿಯ ಜೊತೆ ಬರುತ್ತವೆ. ಅವನ್ನು ಆಯಸ್ಕಾಂತದಿಂದ ಎಳೆದು ತೆಗೆಯಬೇಕು, ಅಷ್ಟೆ.

ಮೊದಲ ರಸ್ತೆ ಸೌತ್ ಬಿ ಬಡಾವಣೆಯಲ್ಲಿ ನಾನಿರುವ ವಸತಿ ಎಸ್ಟೇಟಿನ ಓಣಿಯೇ ಎಂದು ತೀರ್ಮಾನವಾಯಿತು. ನನ್ನ ಮಗಳೂ ಅಕ್ಕಪಕ್ಕದ ಮಕ್ಕಳೂ ಸಂಜೆಯೆಲ್ಲ ಬರಿಗಾಲಲ್ಲಿ ಚೆಂಡಾಡುವ ಜಾಗ ಅದು. ಆ ವಾರವೇ ಆಯಸ್ಕಾಂತ ಕೆಟ್ಟಿತು. ಪುಡಿಯಲ್ಲಿ ಸಿಕ್ಕ ಮೊಳೆಗಳನ್ನು ತಟ್ಟೆಯಲ್ಲಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ.

"ಕೆಲಸದವ್ರು ಕೈಯಲ್ಲೇ ಮೊಳೆ ಆರಿಸ್ಬಿಟ್ಟಿದಾರೆ ಮೇಡಂ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಹೊಸ ರಸ್ತೆ ಪೂಜೆಗೆ ಮುಹೂರ್ತ ಫಿಕ್ಸ್ ಆಗಿದೆ," ಎಂದು ತಟ್ಟೆಯನ್ನು ಎಂಜಲು ಲೋಟದ ಹಾಗೆ ಬದಿಗೆ ಸರಿಸಿದರು. ನಾನು ಬಾಯಿ ನೋಯುವಷ್ಟು ಹೇಳಿದೆ. ರಸ್ತೆ ಹಾಕಿಸಿಯೇ ಬಿಟ್ಟರು.

ಮರುದಿನ ಬೆಳಿಗ್ಗೆ ಪೂಜೆ. ಹೊಸ ರಸ್ತೆಯ ಮೇಲೆ ಮೊದಲು ಓಡಬೇಕಾದ ಗಾಡಿ ಸಾಹೇಬರದೇ. ಅದು ಓಣಿಯ ಬಾಯಲ್ಲಿ ಹಾರ ಹಾಕಿಸಿಕೊಂಡು, ಚಕ್ರಗಳಡಿ ನಿಂಬೆಹಣ್ಣು ಇಡಿಸಿಕೊಂಡು ನಿಂತಿತ್ತು. ರೇಷ್ಮೆ ಪಂಚೆ ಉಟ್ಟ ಸಾಹೇಬರು ಚಪ್ಪಲಿ ಕಳಚಿದರು.

"ಸಾರ್, ಹಾಕ್ಕೊಳ್ಳಿ. ಮೊಳೆ ಇದೆ," ಎಂದೆ.

"ಪೂಜೆಗೆ ಚಪ್ಪಲಿ ಹಾಕ್ಕೊಂಡ್ ನಿಲ್ತಾರೇನ್ರೀ?" ಎಂದು ನನ್ನನ್ನೇ ಗದರಿದರು. ಎಂಥ ಭಕ್ತಿ! ನೋಡಿಯೇ ಹೇಸಿಗೆಯಾಯಿತು.

ಕರ್ಪೂರದ ತಟ್ಟೆ ಹಿಡಿದು ಓಣಿಯ ಅರ್ಧಕ್ಕೂ ಹೋಗಿರಲಿಲ್ಲ, "ಅಯ್ಯಯ್ಯೋ!" ಎಂದು ಕುಸಿದು ಕೂತರು. ಹಿಮ್ಮಡಿಗೆ ಮೊಳೆ ನಾಟಿತ್ತು. "ಪೋಲೆ ಸಾನಾ, ಬಾಸ್," ಎಂದು ಸ್ವಾಹಿಲಿಯಲ್ಲಿ ಮರುಗುತ್ತ ಡ್ರೈವರ್ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, ಅವರನ್ನು ಕೂರಿಸಿಕೊಳ್ಳಲು ಗಾಡಿಯನ್ನು ಮುಂದಕ್ಕೆ ತರತೊಡಗಿದ. ನನಗೆ ಕನಿಕರ ಹುಟ್ಟಲಿಲ್ಲ. ಈಗಲಾದರೂ ರಸ್ತೆ ಕೀಳಿಸುತ್ತಾರೆ ಎಂದು ಸಮಾಧಾನವಾಯಿತು.

ಅಷ್ಟರಲ್ಲಿ ನಮ್ಮ ಗೇಟಿನ ಒಳಗಿಂದ ಮಗಳು ಕೂಗಿದಳು: "ಅಂಕಲ್, ಕ್ಯಾನ್ ವಿ ಪ್ಲೇ ನೌ?" ಅವಳ ಹಿಂದೆ ಬರಿಗಾಲ ಮಕ್ಕಳ ಹಿಂಡೇ ಇತ್ತು.

ಸಾಹೇಬರು ಮೊದಲು ಡ್ರೈವರಿನತ್ತ ಕೈಯೆತ್ತಿ ಕಿರುಚಿದರು: "ನೋ, ನೋ! ರಿವರ್ಸ್! ಟೈರ್ ಪಂಕ್ಚರ್ ಆಗುತ್ತೆ!" ಕಾರು ಹಿಂದಕ್ಕೆ ಸರಿಯಿತು. ಆಮೇಲೆ ಮಕ್ಕಳ ಕಡೆ ತಿರುಗಿ ನಕ್ಕರು.

"ಯೆಸ್, ಯೆಸ್. ಗೋ ಅಂಡ್ ಪ್ಲೇ."

ನಾನು ಓಡಿಹೋಗಿ ಗೇಟಿಗೆ ಚಿಲಕ ಹಾಕಿದೆ. ಮಕ್ಕಳೆಲ್ಲ ನನ್ನನ್ನೇ ಬೈದರು.