ತುಳಸಿ ಎಲೆಯ ಮೇಲಿನ ಮಸಿ

ಪಕ್ಷದವರು ಗೇಟು ತೆರೆದು ಒಳಗೆ ಬಂದಾಗ ನಾನು ಒದ್ದೆ ಬಟ್ಟೆಯಿಂದ ತುಳಸಿ ಎಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದೆ. ನಮ್ಮ ಗಿಣಿಗೇರಾದಲ್ಲಿ ಪೂಜೆಗೆ ಮೊದಲು ಇದೊಂದು ಕೆಲಸ. ಕಾರ್ಖಾನೆಗಳ ಹೊಗೆಯಿಂದ ಉದುರುವ ಕರಿ ಬೂದಿ ಒರೆಸದಿದ್ದರೆ ಗಿಡದ ಹಸಿರೇ ಕಾಣುವುದಿಲ್ಲ.

ಅವರಲ್ಲಿ ಹಿರಿಯರೊಬ್ಬರು ಪಕ್ಷದ ಹೊಸ ಬಾವುಟ ಚಾಚಿದರು. “ಅಕ್ಕಾರ, ಮಾಳಗಿ ಮ್ಯಾಲ ಕಟ್ರಿ. ನಮ್ಮ ಹಿಂದೂ ಧರ್ಮ ಅಪಾಯದಾಗ ಐತಿ.”

ನನಗೆ ಮೈಯೆಲ್ಲ ಉರಿಯಿತು. ಓಟಿನ ವಯಸ್ಸು ಬಂದಾಗಿನಿಂದ ಈ ಪಕ್ಷಕ್ಕೇ ಹಾಕಿದವಳು ನಾನು. ಹೋದ ಚುನಾವಣೆಯಲ್ಲಿ ಇವರೇ ಕೊಟ್ಟಿದ್ದ ಬಾವುಟ ಇನ್ನೂ ಮಾಳಿಗೆಯ ಮೇಲಿತ್ತು. ಬಿಚ್ಚಿ ತಂದು ಅವರ ಮುಂದೆ ಹಿಡಿದೆ. ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ.

“ಈ ಹೊಗಿ ನಿಲ್ಲಸ್ರಿ ಅಂತ ನಿಮಗ ಅರ್ಜಿ ಕೊಟ್ಟು ಕೊಟ್ಟು ಸಾಕಾಗೈತಿ. ಧರ್ಮ ಉಳಸಾಕ ಬಂದೀರಲ್ಲ, ಮೊದಲ ಈ ತುಳಸಿ ಒರಸ್ರಿ” ಎಂದು ಒದ್ದೆ ಬಟ್ಟೆಯನ್ನು ಅವರ ಕೈಗಿಟ್ಟೆ.

ಬಿಳಿ ಅಂಗಿಗೆ ಮಸಿ ತಾಗೀತೆಂದು ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಕಟ್ಟೆಯ ಮೇಲೆ ಬಿಟ್ಟರು. ಪಕ್ಕದಲ್ಲೇ ಹೊಸ ಬಾವುಟವನ್ನೂ ಇಟ್ಟು ಮುಂದಿನ ಮನೆಗೆ ನಡೆದರು.

ಪಕ್ಷಕ್ಕೆ ನನ್ನ ಸಲಹೆ ಇಷ್ಟೇ: ಎಲೆಯ ಮೇಲೆ ಮಸಿ ಬೀಳದ ದಿನ ಓಟು ಕೇಳಲು ಬನ್ನಿ. ಅಲ್ಲಿಯವರೆಗೆ ನಿಮ್ಮ ಬಾವುಟ ಮಾಳಿಗೆ ಏರುವುದಿಲ್ಲ. ಧರ್ಮಕ್ಕೆಂದು ಕೊಟ್ಟದ್ದಲ್ಲವೇ, ದಿನಾ ಬೆಳಿಗ್ಗೆ ಅದರಿಂದಲೇ ತುಳಸಿ ಒರೆಸುತ್ತಿದ್ದೇನೆ.