ಮಂಜಿನ ದಿನದ ವಾಕ್‌ಓವರ್

ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನಲ್ಲಿ ಎತ್ತರದ ಕಟ್ಟಡವೊಂದರ ಮೂರು ಮಹಡಿ ಬಾಡಿಗೆಗೆ ಹಿಡಿದು ನಡೆಯುವ ಸಣ್ಣ ಕಾಲೇಜು ನಮ್ಮದು. ಅಲ್ಲಿ ನಾನು ವಿದ್ಯಾರ್ಥಿ ವಿಭಾಗದಲ್ಲಿದ್ದೇನೆ. ಐಡಿ ಕಾರ್ಡು, ಬಸ್ಸು, ವೀಸಾ ಪತ್ರಗಳ ಜೊತೆಗೆ ಕ್ರೀಡೆಯೂ ನನ್ನ ತಲೆಗೇ ಬಂದಿದೆ. ಉಡುಪಿಯಲ್ಲಿ ಓದುವಾಗ ಥ್ರೋಬಾಲ್ ಆಡುತ್ತಿದ್ದೆ ಎಂದು ಸಂದರ್ಶನದಲ್ಲಿ ಹೇಳಿದ್ದೇ ಅದಕ್ಕೆ ಕಾರಣ.

ದುಬೈ ಮತ್ತು ಅಬುಧಾಬಿಯ ಇಂಥವೇ ಏಳೆಂಟು ಕಾಲೇಜುಗಳು ಸೇರಿ ಒಂದು ಕ್ರೀಡಾ ಒಕ್ಕೂಟ ಮಾಡಿಕೊಂಡಿವೆ. ಕಳೆದ ವರ್ಷ ದುಬೈಯ ಒಂದು ಕಾಲೇಜು ಅದರಿಂದ ಹೊರಹೋಯಿತು. ಅದಾದ ಕೆಲವೇ ತಿಂಗಳಿಗೆ ಮದೀನತ್ ಜಾಯೆದ್ ಎಂಬ ಊರಿನ ಕಾಲೇಜೊಂದು ಸದಸ್ಯತ್ವ ಕೇಳಿ ಅರ್ಜಿ ಹಾಕಿತು. ಎಣ್ಣೆ, ಗ್ಯಾಸ್ ಕೆಲಸದವರ ಮಕ್ಕಳು ಓದುವ ಕಾಲೇಜು ಅದು. ನಮ್ಮಲ್ಲಿಂದ ಮರಳುಗಾಡಿನ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಎರಡು ಗಂಟೆಯ ದಾರಿ.

ಅರ್ಜಿ ನೋಡಿದಾಗಲೇ ನನಗೆ ಸುಸ್ತಾಯಿತು. ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಅಷ್ಟು ದೂರ ಹೋಗಿ ಬರಬೇಕಾದವಳು ನಾನೇ ಅಲ್ಲವೇ? ಸಭೆಯಲ್ಲಿ ಬೇಡ ಎನ್ನುವುದೆಂದು ಆಗಲೇ ನಿಶ್ಚಯಿಸಿಕೊಂಡೆ. ಅರ್ಜಿಯ ವಿಷಯ ಕೇಳಲು ಅವರು ಫೋನ್ ಮಾಡಿದಾಗಲೂ ಗಡುಸಾಗಿಯೇ ಉತ್ತರಿಸಿದೆ.

ನಮ್ಮ ಡೀನ್ ಲೆಬನಾನಿನವರು. ಅವರು ಕರೆದು, "ಸಭೆಗೆ ಮೊದಲು ಒಕ್ಕೂಟದ ಇತಿಹಾಸ ಬೇಕು. ಹೇಗೆ ಶುರುವಾಯಿತು, ಯಾರು ಸೇರಿದರು, ಯಾರು ಬಿಟ್ಟರು, ಒಂದು ಪುಟ ಸಾಕು. ಯಲ್ಲಾ, ಬೇಗ, ಒಂದು ವಾರದಲ್ಲಿ ಕೊಡಿ," ಎಂದರು.

ಒಂದು ಪುಟ ತಾನೇ ಎಂದುಕೊಂಡು ಎಲ್ಲ ಕಾಲೇಜಿಗೂ ಫೋನ್ ಮಾಡಿದೆ. ಒಕ್ಕೂಟ ಶುರು ಮಾಡಿದ್ದು ನಾವೇ ಎಂದು ನಾಲ್ಕು ಕಾಲೇಜಿನವರು ಹೇಳಿದರು. ಒಬ್ಬರ ಹತ್ತಿರವೂ ಒಂದು ಕಾಗದ ಇರಲಿಲ್ಲ. ಕಡೆಗೆ ನಮ್ಮ ಬಸ್ಸಿನ ಹಳೇ ಡ್ರೈವರ್ ದಾರಿ ತೋರಿಸಿದರು. ಮೊದಲ ಕಾರ್ಯದರ್ಶಿಯಾಗಿದ್ದ ಪಿ.ಟಿ. ಮಾಸ್ಟ್ರು ನಿವೃತ್ತರಾಗಿದ್ದಾರೆ, ಅಲ್ ಮೀನಾದ ತರಕಾರಿ ಮಾರ್ಕೆಟ್ಟಿನಲ್ಲಿ ಅಳಿಯನ ಅಂಗಡಿಯಲ್ಲಿ ಕೂರುತ್ತಾರೆ, "ನಿಮ್ಮ ಊರಿನ ಕಡೆಯವರೇ" ಎಂದರು.

ಶನಿವಾರ ಬೆಳಿಗ್ಗೆ ಹೋದೆ. ಟೊಮೆಟೊ ಪೆಟ್ಟಿಗೆಗಳ ನಡುವೆ ನೆಟ್ಟಗೆ ಕುಳಿತಿದ್ದ, ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ. ಪರಿಚಯ ಹೇಳಿಕೊಂಡದ್ದೇ ತಡ, ಮುಖ ಅರಳಿತು.

"ಒಕ್ಕೂಟ ಇನ್ನೂ ಉಂಟಾ ಮಾರಾಯ್ತಿ? ನಾನು ಯಾವಾಗಲೋ ನಿಂತುಹೋಯ್ತು ಅಂತ ಮಾಡಿದ್ದೆ!"

"ಉಂಟು ಮಾಸ್ಟ್ರೇ. ಅದರ ಚರಿತ್ರೆ ಬರೀಲಿಕ್ಕೆ ಹೇಳಿದ್ದಾರೆ. ಶುರು ಮಾಡಿದ್ದು ಯಾರು?"

"ಯಾರೂ ಅಲ್ಲ. ನಾವು ನಾಲ್ಕು ಜನ ಪಿ.ಟಿ. ಮಾಸ್ಟ್ರುಗಳು ಚಾ ಕುಡೀತಾ ಇದ್ವು. ನಮ್ಮ ಹುಡುಗರಿಗೆ ಅವರವರೊಳಗೇ ಆಡಿ ಆಡಿ ಬೇಜಾರು ಬಂದಿತ್ತು. ನಿನ್ನವರನ್ನು ಕರ್ಕೊಂಡು ಬಾ, ನನ್ನವರನ್ನು ನಾನು ತರ್ತೇನೆ ಅಂತ ಆಯ್ತು. ಅಷ್ಟೇ."

ಅವರು ಮನೆಗೆ ಫೋನ್ ಮಾಡಿ ಮೊಮ್ಮಗಳ ಕೈಯಲ್ಲಿ ಒಂದು ನೋಟ್‌ಬುಕ್ ತರಿಸಿದರು. ಮೊದಲ ಸಭೆಯಿಂದ ಹಿಡಿದು ಎಲ್ಲವೂ ಅದರಲ್ಲಿ ಅವರದೇ ದುಂಡನೆಯ ಅಕ್ಷರದಲ್ಲಿತ್ತು. ಮೊದಲ ಪುಟದ ಸದಸ್ಯರ ಪಟ್ಟಿ ನೋಡಿ ನಾನು ಬೆಚ್ಚಿದೆ. ನಾಲ್ಕನೆಯ ಸಾಲಿನಲ್ಲೇ ಮದೀನತ್ ಜಾಯೆದ್ ಇತ್ತು.

"ಇವರು ಈಗ ಹೊಸದಾಗಿ ಸೇರಿಸಿಕೊಳ್ಳಿ ಅಂತ ಕೇಳ್ತಾ ಇದ್ದಾರಲ್ಲ ಮಾಸ್ಟ್ರೇ!"

ಮಾಸ್ಟ್ರು ಪೆಟ್ಟಿಗೆಯ ಕಡೆ ತಿರುಗಿದರು. ಮೇಲಿನ ಒಂದು ಟೊಮೆಟೊ ತೆಗೆದು ಒರೆಸಿ ಮತ್ತೆ ಇಟ್ಟರು.

"ಅವರು ಬಿಟ್ಟುಹೋದದ್ದು ನನ್ನಿಂದ," ಎಂದರು. "ವಾಲಿಬಾಲ್ ಫೈನಲ್ಲು, ಬೆಳಿಗ್ಗೆ ಎಂಟಕ್ಕೆ ಇಟ್ಟಿದ್ದೆ. ಆ ದಿನ ದಾರಿ ತುಂಬ ಮಂಜು. ಅವರ ಬಸ್ಸು ಹೊತ್ತಿಗೆ ಬರಲಿಲ್ಲ. ಅರ್ಧ ಗಂಟೆ ಕಾದು, ಆಡದೆಯೇ ಗೆದ್ದಿರಿ ಅಂತ ಎದುರಿನವರಿಗೆ ವಾಕ್‌ಓವರ್ ಕೊಟ್ಟುಬಿಟ್ಟೆ. ನಾನು ಗಡಿಯಾರ ನೋಡಿದೆ, ಕಿಟಕಿಯ ಹೊರಗೆ ನೋಡಲಿಲ್ಲ. ಅವರು ಬಂದಾಗ ಎಲ್ಲ ಮುಗಿದಿತ್ತು, ಮರುವರ್ಷದಿಂದ ಅವರು ಬರಲೇ ಇಲ್ಲ."

"ಎದುರಿನ ತಂಡ ಯಾವುದು?"

"ನಿಮ್ಮದೇ ಅಲ್ವಾ!"

ನಮ್ಮ ರಿಸೆಪ್ಷನ್ನಿನ ಗಾಜಿನ ಕಪಾಟಿನಲ್ಲಿರುವುದು ಒಂದೇ ಒಂದು ವಾಲಿಬಾಲ್ ಕಪ್. ಹೊಸ ವಿದ್ಯಾರ್ಥಿಗಳ ಪೋಷಕರಿಗೆ ನಾನೇ ಅದನ್ನು ಹೆಮ್ಮೆಯಿಂದ ತೋರಿಸುತ್ತೇನೆ. ನನಗೆ ನಗು ತಡೆಯಲಾಗಲಿಲ್ಲ. ನನ್ನನ್ನು ನೋಡಿ ಮಾಸ್ಟ್ರೂ ನಕ್ಕರು, ಆದರೆ ಅರೆಮನಸ್ಸಿನಿಂದ.

ಪುಟ ಬರೆದು ಕೊಟ್ಟಾಗ ಡೀನ್ ಕನ್ನಡಕ ತೆಗೆದು ಕೇಳಿದರು, "ಈ ಮಂಜಿನ ವಿಷಯವನ್ನೂ ಹಾಕಲೇಬೇಕೆ?"

"ಇತಿಹಾಸ ಕೇಳಿದ್ದು ನೀವೇ, ಸರ್."

ಸಭೆ ನಮ್ಮಲ್ಲೇ ನಡೆಯಿತು. ದೂರ ಹೆಚ್ಚಾಯಿತು, ಬಸ್ಸು ಸಿಗುವುದಿಲ್ಲ, ಹುಡುಗರ ಪಾಠ ತಪ್ಪುತ್ತದೆ ಎಂದು ಒಬ್ಬೊಬ್ಬರಾಗಿ ಹೇಳಿದರು. ವಾರದ ಹಿಂದೆ ಇದೇ ಮಾತುಗಳನ್ನು ನಾನೂ ಸಿದ್ಧಮಾಡಿಕೊಂಡಿದ್ದೆ. ಮದೀನತ್ ಜಾಯೆದ್ ಪರವಾಗಿ ಬಂದಿದ್ದವಳು ಮೈಸೂರಿನ ಹುಡುಗಿ, ಅಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ತಂಡಕ್ಕೆ ಬೇರೆ ಯಾರೂ ಸಿಗದೆ ಅವಳೇ ಮ್ಯಾನೇಜರ್. ಬಾಗಿಲ ಹತ್ತಿರ ಕುಳಿತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು. ನನ್ನ ಸರದಿ ಬಂದಾಗ ನಾನು ಬರೆದ ಪುಟವನ್ನು ಓದಿದೆ. ವಾಕ್‌ಓವರ್ ತನಕ ಬಂದಾಗ ಇಡೀ ಕೋಣೆ ನಮ್ಮ ಡೀನ್ ಕಡೆ ತಿರುಗಿತು. ಅವರು ಎರಡೂ ಕೈ ಮೇಲೆತ್ತಿ, "ಖಲಾಸ್! ಇವರು ಹೊಸಬರಲ್ಲ, ಮನೆಗೆ ವಾಪಸ್ಸು ಬರುವವರು. ನಮ್ಮ ಮತ ಇವರಿಗೆ," ಎಂದರು. ಆಮೇಲೆ ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಹೊರಗೆ ಲಿಫ್ಟಿನ ಹತ್ತಿರ ಮೈಸೂರಿನ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಮೇಡಂ, ನೀವು ಬೇಡ ಅಂತೀರ ಅಂದ್ಕೊಂಡಿದ್ದೆ ಕಣ್ರೀ. ಫೋನಲ್ಲಿ ಅಷ್ಟು ಗಡುಸಾಗಿ ಮಾತಾಡಿದ್ರಿ!"

"ಅಂದುಕೊಂಡದ್ದು ಸರಿಯೇ ಇತ್ತು," ಎಂದೆ.

ಮೊದಲ ಪಂದ್ಯ ಅವರ ಊರಿನಲ್ಲೇ ಆಯಿತು. ಮಾಸ್ಟ್ರನ್ನು ಕರೆದುಕೊಂಡು ಹೋದೆ. ನಾಲ್ಕು ಪೆಟ್ಟಿಗೆ ಕಿತ್ತಳೆ ಹಣ್ಣಿನೊಂದಿಗೆ ಬಸ್ಸು ಹತ್ತಿದ ಅವರು ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಅಲ್ಲಿ ಅಂಗಳದಲ್ಲಿ ಕಾಲುದ್ದದ ಬಿಳಿ ಕಂದೂರ ನಿಲುವಂಗಿ ತೊಟ್ಟ ದೊಡ್ಡ ಮೈಯವರೊಬ್ಬರು ನಮ್ಮನ್ನು ಎದುರುಗೊಂಡರು. ಆ ಕಾಲೇಜಿನ ಆಡಳಿತಾಧಿಕಾರಿ. ಮಾಸ್ಟ್ರನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, "ವಾಕ್‌ಓವರ್ ಸರ್!" ಎಂದು ಕೂಗಿದರು.

ಆ ದಿನ ಬಸ್ಸಿನಲ್ಲಿದ್ದ ಹುಡುಗರಲ್ಲಿ ಅವರೂ ಒಬ್ಬರು. ಮಾಸ್ಟ್ರು ಎರಡೂ ಕೈಯಿಂದ ಅವರ ಕೈ ಹಿಡಿದು ಕ್ಷಮೆ ಕೇಳತೊಡಗಿದರು. ಆ ಅಧಿಕಾರಿ ಕೇಳಿಸಿಕೊಳ್ಳಲೇ ಇಲ್ಲ, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಹೇಳತೊಡಗಿದರು.

"ಕ್ಷಮೆ ಯಾಕೆ ಸರ್? ಆಟ ಇಲ್ಲ ಅಂದಮೇಲೆ ಇಡೀ ದಿನ ನಮ್ಮದೇ. ಕಾರ್ನಿಷ್‌ಗೆ ಹೋಗಿ ಸಮುದ್ರದಲ್ಲಿ ಬಿದ್ದು ಒದ್ದಾಡಿದೆವು, ಐಸ್‌ಕ್ರೀಂ ತಿಂದೆವು. ಕಾಲೇಜಿನಲ್ಲಿ ಅಂಥ ದಿನ ಇನ್ನೊಂದು ಬರಲಿಲ್ಲ."

"ಮತ್ತೆ ಮರುವರ್ಷ ಯಾಕೆ ಬರಲಿಲ್ಲ?" ಮಾಸ್ಟ್ರು ಕೇಳಿದರು.

"ನಾವು ಆರೂ ಜನ ಪಾಸಾಗಿ ಹೋದೆವು. ತಂಡವೇ ಇರಲಿಲ್ಲ!"

ಮಾಸ್ಟ್ರು ಹಿಡಿದಿದ್ದ ಕೈ ಬಿಟ್ಟರು. ನಂತರ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ, "ಎಂತ ಮಾರಾಯ್ತಿ ಇದು! ಇಷ್ಟು ವರ್ಷ ನಾನು ಸುಮ್ಮನೆ ನಿದ್ದೆಗೆಟ್ಟದ್ದಾ?" ಎಂದರು.

ಪಂದ್ಯದಲ್ಲಿ ನಾವು ಮೂರು ಸೆಟ್ಟನ್ನೂ ಸೋತೆವು. ಅಂಕ ಬರೆಯುವ ಮೇಜಿನಲ್ಲಿ ಕೂರಿಸಿದ್ದ ಮಾಸ್ಟ್ರು ಎರಡೂ ತಂಡಕ್ಕೂ ಚಪ್ಪಾಳೆ ತಟ್ಟಿ ತಟ್ಟಿ ಅಂಕ ಬರೆಯುವುದನ್ನೇ ಎರಡು ಸಲ ಮರೆತರು. ಮೈಸೂರಿನ ಹುಡುಗಿ ಗೆಲುವಿನ ಖುಷಿಯಲ್ಲಿ ಕುಣಿದು ಚಪ್ಪಲಿ ಹರಿದುಕೊಂಡಳು. ವಾಪಸ್ಸು ಬರುವಾಗ ಮಾಸ್ಟ್ರು ಹೆದ್ದಾರಿಯ ಬದಿಯಲ್ಲಿ ಬಸ್ಸು ನಿಲ್ಲಿಸಿ ಎಲ್ಲರಿಗೂ ಗಟ್ಟಿ ಕರಕ್ ಚಾಯ್ ಕೊಡಿಸಿದರು. ಕಾಗದದ ಲೋಟವನ್ನು ಬಸ್ಸಿನ ಬಾನೆಟ್ಟಿನ ಮೇಲಿಟ್ಟು, ಸೋತ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಸರ್ವ್ ಮಾಡುವಾಗ ಮೊಣಕೈ ಎಲ್ಲಿರಬೇಕೆಂದು ಒಬ್ಬೊಬ್ಬನಿಗೂ ತೋರಿಸತೊಡಗಿದರು.