ಕುಂಕುಮ ಹಚ್ಚಿ ಕರೆದ ಉಪನ್ಯಾಸ

ಗೋಡೆಗೆ ಹಚ್ಚಿದ ಸೂಚನೆಯನ್ನು ಓದುವವರು ಲೋಕದಲ್ಲಿ ಇಬ್ಬರೇ: ಬರೆದವನೊಬ್ಬ, ಅದರ ಮೇಲೆ ಮತ್ತೊಂದನ್ನು ಹಚ್ಚಲು ಬಂದವನೊಬ್ಬ. ಈ ಸತ್ಯದ ಸಾಕ್ಷಾತ್ಕಾರ ನನಗಾದದ್ದು ಎಂಬತ್ತರ ದಶಕದಲ್ಲಿ, ಕುಂದಗೋಳ ತಾಲೂಕಿನ ಹಳ್ಳಿಯೊಂದರ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ. ಸಂಸ್ಕೃತಕ್ಕೆ ವಿದ್ಯಾರ್ಥಿಗಳು ವಿರಳ, ಆದ್ದರಿಂದ ನನಗೆ ವಿರಾಮ ವಿಪುಲ. ಅದನ್ನು ಕಂಡು ಹೊಟ್ಟೆ ಉರಿಸಿಕೊಂಡ ಪ್ರಾಚಾರ್ಯರು, ಅಧ್ಯಾಪಕರಿಗೂ ಸಿಬ್ಬಂದಿಗೂ ಸಂಬಂಧಪಟ್ಟ ಸಕಲ ಪ್ರಕಟಣೆಗಳನ್ನು ಬರೆದು ಹಚ್ಚುವ ಹೊಣೆಯನ್ನು ನನ್ನ ಕೊರಳಿಗೆ ಕಟ್ಟಿದರು. ನನಗೋ, ಹಸಿದವನಿಗೆ ಹೋಳಿಗೆ ಬಡಿಸಿದಂತಾಯಿತು.

ವಿಶ್ವವಿದ್ಯಾಲಯದಿಂದ ‘ಮುಂಬರುವ ಕಾರ್ಯಕ್ರಮಗಳು’ ಎಂಬ ಸುತ್ತೋಲೆ ಬರುತ್ತಿತ್ತು. ಧಾರವಾಡದಿಂದ ನಮ್ಮೂರಿಗೆ ಬಸ್ಸಿನಲ್ಲಿ ಬಂದರೆ ಒಂದು ಹೊತ್ತಿನ ದಾರಿ. ಸುತ್ತೋಲೆಗಳು ಮಾತ್ರ ಹೆಸರಿಗೆ ತಕ್ಕಂತೆ ಎಲ್ಲೆಲ್ಲೋ ಸುತ್ತಿಯೇ ಬರುತ್ತಿದ್ದವು. ಭವಿಷ್ಯತ್ಕಾಲದಲ್ಲಿ ಹೊರಟದ್ದು ಭೂತಕಾಲದಲ್ಲಿ ಬಂದು ಮುಟ್ಟುತ್ತಿತ್ತು. ಆದರೂ ನಾನು ಅವನ್ನೆಲ್ಲ ಶ್ರದ್ಧೆಯಿಂದ ನಕಲು ಮಾಡಿ, ಅಲ್ಲಲ್ಲಿ ಒಂದೆರಡು ದೀರ್ಘಸಮಾಸಗಳ ಒಗ್ಗರಣೆ ಹಾಕಿ, ಫಲಕಕ್ಕೆ ಚುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ಓದಿಕೊಳ್ಳುತ್ತಿದ್ದೆ. ಓದುಗರ ಬರವಿದ್ದ ಆ ಊರಿನಲ್ಲಿ ಸ್ವಾವಲಂಬನೆಯೇ ಲೇಸಲ್ಲವೇ?

ಹೀಗಿರಲು, ಪ್ರತಿ ಕಾಲೇಜಿನಲ್ಲೂ ಸಿಬ್ಬಂದಿಗಾಗಿ ತಿಂಗಳಿಗೊಂದು ವಿದ್ವತ್ಪೂರ್ಣ ಉಪನ್ಯಾಸ ನಡೆಯಬೇಕೆಂದು ಮೇಲಿನಿಂದ ಆಜ್ಞೆ ಬಂತು. ಮೊದಲನೆಯ ಉಪನ್ಯಾಸ ನನ್ನದೇ. ಶ್ರೋತೃಗಳಾಗಿ ದಯಮಾಡಿಸಿದವರು ಪ್ರಾಚಾರ್ಯರು ಮತ್ತು ಬೀಗ ಹಾಕಲು ಕಾದಿದ್ದ ಸಿಪಾಯಿ. ಪ್ರಾಚಾರ್ಯರು ನಾಂದೀಪದ್ಯಕ್ಕೇ ನಿದ್ರೆಹೋದರು. ಸಿಪಾಯಿ ಮಾತ್ರ ಕಣ್ಣು ಮಿಟುಕಿಸದೆ ಕೊನೆಯವರೆಗೂ ನೋಡುತ್ತಿದ್ದ, ಗೋಡೆಯ ಗಡಿಯಾರವನ್ನು. ಎರಡನೆಯ ಉಪನ್ಯಾಸಕ್ಕೆ ಉಪನ್ಯಾಸಕರೇ ಬರಲಿಲ್ಲ. ಅವರೂ ಸೂಚನೆ ಓದಿರಲಿಲ್ಲವಂತೆ.

ಮೂರನೆಯ ಪಾಳಿ ನೀಲಾ ಅವರದು. ಸಸ್ಯಶಾಸ್ತ್ರ ಕಲಿಸುತ್ತಿದ್ದ, ಇಪ್ಪತ್ತೈದು ದಾಟಿರದ ಹುಡುಗಿ. ದೇವಿಕೊಪ್ಪದ ಒಕ್ಕಲುತನದ ಮನೆಯವರು. ನಮ್ಮ ಓಣಿಯ ಈರವ್ವ ಎಂಬ ಮುದುಕಿಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಎಂದೂ ದನಿ ಎತ್ತರಿಸದಿದ್ದ ಅವರು ಅಂದು ಸಿಬ್ಬಂದಿ ಕೋಣೆಯಲ್ಲಿ ನನ್ನ ಮುಂದೆ ನಿಂತಾಗ ಕಣ್ಣಲ್ಲಿ ನೀರು ತುಂಬಿತ್ತು. ಮಗಳು ಪರವೂರಲ್ಲಿ ಒಬ್ಬಳೇ ಇದ್ದು ನೌಕರಿ ಮಾಡುವುದಕ್ಕೆ ತಂದೆ ಒಪ್ಪಿದ್ದು ಒಂದೇ ವರ್ಷದ ಮಟ್ಟಿಗೆ. ವರ್ಷ ತುಂಬಿತ್ತು, ಉಪನ್ಯಾಸದ ದಿನವೇ ಕರೆದುಕೊಂಡು ಹೋಗಲು ಬರುವವರಿದ್ದರು. “ಒಮ್ಮೆ ನನ್ನ ಉಪನ್ಯಾಸ ಕೇಳಿ, ಆಮ್ಯಾಲೆ ಏನರ ಅನ್ರಿ ಅಂತ ಅಪ್ಪಗ ಹೇಳೀನ್ರಿ ಸರ್. ಅವರು ಬಂದಾಗ ಬರೇ ಖುರ್ಚಿ ಕಂಡ್ರ ನನ್ನ ನೌಕರಿ ಮುಗಧಂಗ” ಎಂದರು.

ಅಯ್ಯೋ ಪಾಪ ಅನ್ನಿಸಿತು. ಆ ಸಂಜೆಯೇ ಕುಳಿತು ನನ್ನ ಜೀವಮಾನದ ಸರ್ವಶ್ರೇಷ್ಠ ಪ್ರಕಟಣೆಯನ್ನು ರಚಿಸಿದೆ: ‘ತೃಣಧಾನ್ಯಗಳ ಶಿಲೀಂಧ್ರಜನ್ಯ ವ್ಯಾಧಿಗಳು: ಒಂದು ಸಮಗ್ರ ಸಮೀಕ್ಷಣ’. ಕೆಂಪು ಮಸಿಯಲ್ಲಿ ಅಂಚು ಬರೆದು ಮನೆಯವಳಾದ ಕಮಲೆಗೆ ತೋರಿಸಿದೆ. ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

“ಅಲ್ರೀ, ಗ್ವಾಡಿಗೆ ಕಾಗದಾ ಅಂಟಿಸಿ, ಮಂದಿ ಬರ್ಲಿಲ್ಲಾ ಅಂತ ಗೊಣಗ್ತೀರಲ್ಲಾ! ಕರೀಲಾರದ ಯಾರರ ಬರ್ತಾರೇನು? ನಿಮ್ಮ ಅಣ್ಣಾರ ಮಗನ ಲಗ್ನಕ್ಕ ಬರೇ ಕಾರ್ಡ್ ಬಂತಂತ ನೀವು ಹೋದ್ರೇನು?”

ಹೋಗಿರಲಿಲ್ಲ. ನಮ್ಮ ಕಡೆ ಅಚ್ಚು ಹಾಕಿಸಿದ ಪತ್ರಿಕೆಗೆ ಏನು ಕಿಮ್ಮತ್ತು? ಮನೆಯ ಹೊಸ್ತಿಲಿಗೆ ಬಂದು, ಹೆಂಗಸರಿಗೆ ಕುಂಕುಮ ಹಚ್ಚಿ, “ತಪ್ಪಸಬ್ಯಾಡ್ರಿ ಮತ್ತ” ಎಂದರೆ ಅದು ಕರೆ. ಉಳಿದದ್ದೆಲ್ಲ ಬರಿ ಸುದ್ದಿ. ಸುದ್ದಿಯನ್ನು ಕೇಳಿ ಸುಮ್ಮನಿರಬಹುದು, ಕರೆಯನ್ನು ತಪ್ಪಿಸಿದರೆ ಮುಂದೆ ಮುಖ ತೋರಿಸುವುದು ಹೇಗೆ? ಇಷ್ಟು ಸರಳ ಸಂಗತಿ ಪ್ರಕಟಣಾಪ್ರವೀಣನಾದ ನನಗೆ ಹೊಳೆದಿರಲಿಲ್ಲ ನೋಡಿ.

ಮರುದಿನ ಆಷಾಢದ ಜಿಟಿಜಿಟಿ ಮಳೆಯಲ್ಲಿ ಕಮಲೆ ಕುಂಕುಮದ ಬಟ್ಟಲು ಹಿಡಿದು ಮುಂದೆ, ನಾನು ಛತ್ರಿ ಹಿಡಿದು ಹಿಂದೆ. ಕರಿಮಣ್ಣಿನ ಕೆಸರು ಚಪ್ಪಲಿಗೆ ಅಂಟಿ, ನನ್ನ ಎತ್ತರ ಹೆಜ್ಜೆಹೆಜ್ಜೆಗೂ ಏರುತ್ತಿತ್ತು. ವಿದ್ಯೆಯಿಂದ ಆಗದ ಉನ್ನತಿ ರಾಡಿಯಿಂದ ಆಯಿತು. ನಮ್ಮ ಲೆಕ್ಕ ಸಿಬ್ಬಂದಿಯ ಮನೆಗಳಷ್ಟೇ. ಆದರೆ ಮೊದಲ ಮನೆಯಲ್ಲೇ ಎಡವಟ್ಟಾಯಿತು. ಗುಮಾಸ್ತರ ಹೆಂಡತಿಗೆ ಕುಂಕುಮ ಹಚ್ಚಿ ತಿರುಗುವಷ್ಟರಲ್ಲಿ ಬಾಜೂ ಮನೆಯ ಹೆಂಗಸು ಕಟ್ಟೆಯ ಮೇಲೆ ನಿಂತು, “ನಮಗ ಕರೆ ಇಲ್ಲೇನ್ರಿ ಅಕ್ಕಾರ?” ಎಂದು ಕೇಳಿಬಿಟ್ಟಳು.

ಕುಂಕುಮದ ಬಟ್ಟಲು ಹಿಡಿದು ಒಂದು ಮನೆ ದಾಟಿ ಇನ್ನೊಂದಕ್ಕೆ ಹೋಗುವುದುಂಟೇ? ಆ ಮನೆಗೂ ಕರೆದದ್ದಾಯಿತು. ಅದರ ಆಚೆಯ ಮನೆಗೆ? ಅದಕ್ಕೂ. ಹೀಗೆ ಓಣಿ ಓಣಿಗೆ ಕೂಡಿ ಊರೇ ಮುಗಿಯಿತು. “ಆಷಾಢದಾಗ ಏನ ಕಾರ್ಯಾರಿ?” ಎಂದು ಎಲ್ಲರಿಗೂ ಅಚ್ಚರಿ. ಕಮಲೆ ನನ್ನ ಶಿಲೀಂಧ್ರವನ್ನು ಸಲೀಸಾಗಿ ಮಳೆಯಲ್ಲಿ ತೊಳೆದು ಹಾಕಿದಳು: “ನೀಲಾ ಬಾಯಾರು ಜ್ವಾಳದ ಕಾಡಿಗಿ ರೋಗದ್ದು ತಿಳಿಸಿ ಹೇಳ್ತಾರ್ರಿ. ಅವರ ಅಪ್ಪಾರೂ ಬರಾಕತ್ತಾರ.”

“ಅಪ್ಪ ಬರ್ತಾನಂದ್ರ ಬರಬೇಕ ಬಿಡ್ರಿ” ಎಂದರು ಹೆಂಗಸರು.

ಉಪನ್ಯಾಸದ ದಿನ ಸಂಜೆ ನಾಲ್ಕಕ್ಕೆ ಸಭಾಭವನದ ಬಾಗಿಲಲ್ಲಿ ನಿಂತ ಪ್ರಾಚಾರ್ಯರ ಮುಖ ನೋಡಬೇಕಿತ್ತು! ಹದಿನೈದು ಮಂದಿಯ ಮಟ್ಟಿಗೆ ಚಹಾ ಹೇಳಿದ್ದ ಮನುಷ್ಯ, ಕೆಸರುಗಾಲಿನಲ್ಲಿ ಬರುತ್ತಿರುವ ಊರನ್ನು ಕಂಡು ನನ್ನ ತೋಳು ಹಿಡಿದು, “ಏನ್ ಮಾಡಿಟ್ರಿ ಶಾಸ್ತ್ರಿಗಳ?” ಎಂದು ಹೌಹಾರಿದರು. ಖುರ್ಚಿ ತುಂಬಿ, ಬೆಂಚು ತುಂಬಿ, ಜನ ನೆಲಕ್ಕೆ ಜಮಖಾನೆ ಹಾಸಿ ಕೂತರು. ಇಷ್ಟು ಮಂದಿ ಸೇರಿದರೆಂದು ತಿಳಿದು, ನಮ್ಮ ಸಹೋದ್ಯೋಗಿಗಳೂ ಬಂದು ಕಿಟಕಿಯ ಹತ್ತಿರ ಜಾಗಕ್ಕಾಗಿ ಒದ್ದಾಡಿದರು. ಮುಂದಿನ ಸಾಲಿನಲ್ಲಿ ತಲೆಗೆ ಬಿಳಿ ಪಟಗ ಸುತ್ತಿದ, ಗಂಟುಮುಖದ ಗೃಹಸ್ಥರೊಬ್ಬರು ಒಂದು ಕೈಚೀಲ ಹಿಡಿದು ಕೂತಿದ್ದರು. ನೀಲಾ ಅವರ ತಂದೆ ಶಿವಪ್ಪನವರು.

ನೀಲಾ ಮೊದಲಿಗೆ ತಡವರಿಸಿದರು. ಆಮೇಲೆ ಕಾಡಿಗೆ ಹಿಡಿದ ಒಂದು ಒಣ ತೆನೆಯನ್ನು ಎತ್ತಿ ತೋರಿಸಿ, ಬಿತ್ತುವ ಬೀಜಕ್ಕೆ ಗಂಧಕ ಹೇಗೆ ಹಚ್ಚಬೇಕೆಂದು ತಮ್ಮೂರ ಮಾತಿನಲ್ಲೇ ಹೇಳತೊಡಗಿದರು ನೋಡಿ, ಸಭೆ ಗಪ್‌ಚಿಪ್ಪಾಯಿತು. ಒಬ್ಬರಾದ ಮೇಲೊಬ್ಬರು ಪ್ರಶ್ನೆ ಕೇಳಿದರು. ಪ್ರತಿಯೊಬ್ಬರಿಗೂ ಆಕೆ ಸಮಾಧಾನದಿಂದ ಉತ್ತರ ಕೊಟ್ಟರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ನನ್ನ ಉಪನ್ಯಾಸ ನೆನೆದು ಆಗಬೇಕಾಗಿದ್ದ ಹೊಟ್ಟೆಕಿಚ್ಚನ್ನೂ ಮರೆತೆ.

ಆಭಾರಮನ್ನಣೆಗೆಂದು ನಾನು ಎದ್ದದ್ದೇ ತಡ, ಹೆಂಗಸರೆಲ್ಲ ವೇದಿಕೆಯತ್ತ ಹೊರಟರು. ಕುಂಕುಮ ಹಚ್ಚಿಸಿಕೊಂಡು ಬಂದವರು ಬರಿಗೈಯಲ್ಲಿ ಬರುವುದುಂಟೇ? ಸೆರಗಿನ ಮರೆಯಿಂದ ತೆಂಗಿನಕಾಯಿ, ಕುಪ್ಪಸದ ಖಣ, ಅಕ್ಕಿ, ಎಲೆ ಅಡಿಕೆ ಹೊರಬಂದವು. ಈರವ್ವ ಮುಂದಾಗಿ ನೀಲಾ ಅವರ ಸೆರಗು ಒಡ್ಡಿಸಿದಳು. ಶಿಲೀಂಧ್ರಗಳ ಸಮಗ್ರ ಸಮೀಕ್ಷಣ ಮಾಡಿದ ವಿದುಷಿಗೆ, ಕರಿಹಲಗೆಯ ಮುಂದೆ, ಊರ ಹೆಂಗಸರು ಉಡಿ ತುಂಬತೊಡಗಿದರು. ಯಾವ ವಿಶ್ವವಿದ್ಯಾಲಯ ಯಾವ ಪಂಡಿತನಿಗೆ ಇಂಥ ಗೌರವ ಮಾಡಿದ್ದೀತು!

ಆಗ ಶಿವಪ್ಪನವರು ಎದ್ದು ನಿಂತರು.

“ಉಡೀ ತುಂಬಿ ಕಳಸಾಕತ್ತೀರೇನ್ರಿ? ಛಲೋ ಆತು. ನಾನೂ ಕರಕೊಂಡು ಹೋಗಾಕ ಬಂದೀನಿ.”

ಹೌದಲ್ಲ! ಹೊರಟು ನಿಂತ ಮಗಳಿಗೂ ಉಡಿ ತುಂಬಿಯೇ ಕಳಿಸುತ್ತೇವಲ್ಲ! ಉಳಿಸಿಕೊಳ್ಳಲೆಂದು ಊರು ಕೂಡಿಸಿ, ಕೈಯಾರೆ ಬೀಳ್ಕೊಡುಗೆ ಮಾಡಿಸಿದೆನಲ್ಲಪ್ಪಾ ಎಂದು ಕಮಲೆಯ ಮುಖ ನೋಡಿದೆ. ಅವಳೂ ಬೆಪ್ಪಾಗಿ ನಿಂತಿದ್ದಳು.

ಈರವ್ವ ಮಾತ್ರ ಕೈಯಲ್ಲಿದ್ದ ಕಾಯಿಯನ್ನು ನೀಲಾ ಅವರ ಉಡಿಗೆ ಹಾಕಿ ಸಾವಕಾಶ ತಿರುಗಿದಳು. “ಕಳಸ್ತೀವಂತ ಯಾರಂದ್ರು? ಹೊಂಟ ಮಗಳಿಗೂ ಉಡೀ ತುಂಬ್ತೀವಿ, ಬಂದ ಮಗಳಿಗೂ ತುಂಬ್ತೀವಿ. ಒಂದ ವರ್ಷಾ ನನ್ನ ಕೈಯಾನ ರೊಟ್ಟಿ ತಿಂದಾಳ. ಈಗ ಆಕಿ ಮನಿ ಇದ. ನಿಮ್ಮದು ತವರಮನಿ.”

ಶಿವಪ್ಪನವರು ಮಗಳ ಕಡೆ ತಿರುಗಿ, “ನೀ ಏನಂತೀ ಯವ್ವಾ?” ಎಂದರು. ತುಂಬಿದ ಉಡಿಯನ್ನು ಎರಡೂ ಕೈಯಿಂದ ಹಿಡಿದಿದ್ದ ನೀಲಾಗೆ ಕಣ್ಣು ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ.

“ಇರ್ತೀನಪ್ಪಾ” ಎಂದರು.

ಆ ಗಂಟುಮುಖ ನಿಧಾನವಾಗಿ ಸಡಿಲಾಯಿತು. ಅವರು ಕೈಚೀಲವನ್ನು ಬಗಲಿಗೆ ಸಿಕ್ಕಿಸಿ, ಮಗಳಿಗಲ್ಲ, ಊರಿಗೇ ಕೈಮುಗಿದರು. “ತವರಮನಿ ಅಂದ ಮ್ಯಾಲೆ ನಮ್ಮ ರೀತಿ ನಾವು ನಡಸಬೇಕಲ್ರಿ. ಪಂಚಮಿಗೆ ಕರಿಯಾಕ ಬರ್ತೀನಿ. ಕಳಿಸಿಕೊಡ್ರಿ.”

ಹೆತ್ತ ತಂದೆ ತನ್ನ ಮಗಳನ್ನು ಹಬ್ಬಕ್ಕೆ ಕಳಿಸಿಕೊಡಿರೆಂದು ಊರನ್ನು ಕೇಳುತ್ತಿದ್ದ. ನನಗೆ ಆಭಾರಮನ್ನಣೆಯ ಒಂದು ಸಮಾಸವೂ ಬಾಯಿಗೆ ಬರಲಿಲ್ಲ. ಈರವ್ವ ಬೆರಳು ಮಡಿಸಿ ಎಣಿಸಿದಳು.

“ನಾಕ ದಿನಾ ಅಷ್ಟ ಮತ್ತ” ಎಂದಳು. “ಆಕೀಗೆ ಕಾಲೇಜ್ ಐತಿ.”